ಮುಟ್ಟಿದ ಕೈ, ಬರೆದ ಕೈ: ವಿಜ್ಞಾನದೊಳಗಿನ ಹೆಣ್ಣು ಮತ್ತು ಜಾತಿ

ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರದ ಪ್ರಾಕ್ಟಿಕಲ್‌ಗೆ ನಾಲ್ಕು ಹುಡುಗಿಯರ ಗುಂಪಿಗೆ ಒಂದು ಕಪ್ಪೆ ಕೊಡುತ್ತಿದ್ದರು. ಮೇಣದ ತಟ್ಟೆಯ ಮೇಲೆ ಅದನ್ನು ಅಂಗಾತ ಮಲಗಿಸಿ, ಕೈಕಾಲಿಗೆ ಗುಂಡುಸೂಜಿ ಚುಚ್ಚಿ, ಹೊಟ್ಟೆ ಸೀಳಬೇಕು. ನಮ್ಮ ಗುಂಪಿನ ಉಳಿದ ಮೂವರು ಮೂಗಿಗೆ ಕರ್ಚೀಫು ಹಿಡಿದು ಹಿಂದಕ್ಕೆ ಸರಿದರು. ಒಬ್ಬಳು ನಗುತ್ತಲೇ ಅಂದಳು: ‘ನೀನೇ ಕುಯ್ಯೇ, ನಿಮ್ಮನೇಲಿ ಅಭ್ಯಾಸ ಇರುತ್ತಲ್ಲ.’ ಕುಯ್ದೆ. ಚೆನ್ನಾಗಿಯೇ ಕುಯ್ದೆ. ಆಕೆ ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಸತ್ತ ದನದ ಚರ್ಮ ಸುಲಿಯುತ್ತಿದ್ದ ಅಪ್ಪನ ಪಕ್ಕ ಕೂತು, ಈಲಿ ಯಾವುದು, ಗುಂಡಿಗೆ ಯಾವುದು, ಪಿತ್ತ ಒಡೆದರೆ ಬಾಡು ಹ್ಯಾಗೆ ಕಹಿಯಾಗುತ್ತೆ ಅನ್ನೋದನ್ನ ಏಳೆಂಟು ವರ್ಷಕ್ಕೇ ತಿಳಿದಿದ್ದೆ. ನಾನು ಬಿಡಿಸಿಟ್ಟದ್ದನ್ನು ನೋಡಿಕೊಂಡು ಆ ಮೂವರೂ ಚಿತ್ರ ಬರೆದು, ಭಾಗಗಳನ್ನು ಗುರುತಿಸಿದರು. ನಾನು ಕೈ ತೊಳೆದು ಬರುವ ಹೊತ್ತಿಗೆ ಬೆಲ್ಲಾಗಿತ್ತು. ವರ್ಷದ ಕೊನೆಗೆ ರೆಕಾರ್ಡ್ ಪುಸ್ತಕಕ್ಕೆ ಅವರಿಗೆ ಪೂರ್ತಿ ಅಂಕ. ನನ್ನದರಲ್ಲಿ ‘ಚಿತ್ರ ಅಪೂರ್ಣ’ ಎಂಬ ಕೆಂಪು ಷರಾ.

ಅದೇ ವರ್ಷ ಸಂತಾನೋತ್ಪತ್ತಿಯ ಪಾಠ ಬಂದಾಗ ನಮ್ಮ ಮೇಷ್ಟ್ರು ಪುಟ ಮಗುಚಿ, ‘ಇದನ್ನ ಮನೇಲಿ ಓದ್ಕೊಳ್ಳಿ’ ಅಂದರು. ನಮ್ಮ ಮನೇಲಿ ಓದೋಕೆ ಯಾರಿಗೂ ಬರುತ್ತಿರಲಿಲ್ಲ. ಆದರೆ ಆ ಪಾಠ ಬರುತ್ತಿತ್ತು. ನಮ್ಮಜ್ಜಿ ಸುತ್ತ ಏಳು ಹಳ್ಳಿಗೆ ಸೂಲಗಿತ್ತಿ.

ವಿಜ್ಞಾನವನ್ನು ಸ್ತ್ರೀವಾದಿ ನೆಲೆಯಿಂದ ಮರುರೂಪಿಸಬೇಕು, ಅದರ ಶಿಕ್ಷಣ ಮತ್ತು ಸಂಶೋಧನೆಗಳು ಎಲ್ಲರನ್ನೂ ಒಳಗೊಳ್ಳಬೇಕು ಎಂಬ ಮಾತು ಈಗ ಸೆಮಿನಾರುಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಒಳಗೊಳ್ಳುವುದೆಂದರೆ ಏನು? ದಲಿತ ಹೆಣ್ಣು ವಿಜ್ಞಾನದ ಹೊರಗೆ ನಿಂತಿದ್ದಾಳೆ, ಅವಳನ್ನು ಕೈಹಿಡಿದು ಒಳಕ್ಕೆ ಕರೆದುಕೊಳ್ಳಬೇಕು ಎಂಬುದು ಈ ಮಾತಿನ ಹಿಂದಿರುವ ಚಿತ್ರ. ನನ್ನ ತಕರಾರು ಈ ಚಿತ್ರದ ಬಗೆಗೇ ಇದೆ. ಅವಳು ಒಳಗೇ ಇದ್ದಾಳೆ. ಕೈಯಾಗಿ ಇದ್ದಾಳೆ, ಮೈಯಾಗಿ ಇದ್ದಾಳೆ. ತಿಳಿದವಳಾಗಿ ಮಾತ್ರ ಅವಳನ್ನು ರೆಕಾರ್ಡಿನಲ್ಲಿ ಬರೆದುಕೊಂಡಿಲ್ಲ.

೧

ಕೈಗೂ ತಲೆಗೂ ನಡುವೆ ಗೋಡೆ ಕಟ್ಟಿದ್ದು ಜಾತಿ. ಇದನ್ನು ಹೇಳಿದವರು ದಲಿತರು ಮಾತ್ರ ಅಲ್ಲ. ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನು 1902 ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಬರೆದಾಗ, ಈ ದೇಶದಲ್ಲಿ ವಿಜ್ಞಾನ ಯಾಕೆ ಬತ್ತಿತು ಎಂಬ ಪ್ರಶ್ನೆಗೆ ಜಾತಿಯ ಕಡೆ ಬೆರಳು ತೋರಿಸಿದರು. ಹೆಣ ಮುಟ್ಟುವುದು, ಕತ್ತಿ ಹಿಡಿಯುವುದು, ಲೋಹ ಕಾಯಿಸುವುದು ಕೀಳು ಎಂದಾದ ಮೇಲೆ ಕಸುಬುಗಳು ಕೆಳಜಾತಿಗಳ ಪಾಲಾದವು. ಓದುಬರಹ ಬಲ್ಲವರು ವಸ್ತುಗಳಿಂದಲೇ ದೂರ ಸರಿದರು. ಮಾಡುವವನಿಗೆ ಬರೆಯುವ ಹಕ್ಕಿಲ್ಲ, ಬರೆಯುವವನಿಗೆ ಮುಟ್ಟುವ ಅಭ್ಯಾಸವಿಲ್ಲ.

1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಎಂಬ ಮೇಲುಜಾತಿಯ ವೈದ್ಯರು ಮನುಷ್ಯನ ಹೆಣ ಕುಯ್ದರು. ಆ ದಿನ ಕೋಟೆಯಿಂದ ತೋಪು ಹಾರಿಸಿದರು ಎಂಬ ಮಾತೂ ಇದೆ. ಅವರ ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೇಲಿನ ಕೈ ಒಮ್ಮೆ ಮುಟ್ಟಿದರೆ ಅದು ವಿಜ್ಞಾನದ ಚರಿತ್ರೆ. ಕೆಳಗಿನ ಕೈ ನೂರಾರು ವರ್ಷ ದಿನಾ ಮುಟ್ಟಿದರೆ ಅದು ಜಾತಿಯ ಕಸುಬು. ಈ ಲೆಕ್ಕ ಹಾಕಿದವರು ಯಾರು ಎಂಬುದೇ ದಲಿತ ವಿಮರ್ಶೆ ವಿಜ್ಞಾನಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ.

ಹೆಣ್ಣಿನ ವಿಷಯಕ್ಕೆ ಬಂದರೆ ಈ ಲೆಕ್ಕ ಇನ್ನೂ ಬಿಗಿ. ಬಸುರಿಯ ಹೊಟ್ಟೆ ಮೇಲೆ ಎರಡು ಅಂಗೈ ಇಟ್ಟು, ಮೇಲೆ ಒತ್ತಿ, ಪಕ್ಕ ಸವರಿ, ಕೆಳಗೆ ಹಿಡಿದು, ಮಗುವಿನ ತಲೆ ಎತ್ತ ಇದೆ, ಬೆನ್ನು ಎತ್ತ ಇದೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ನರ್ಸಿಂಗ್ ಓದಿದ ನನ್ನ ಗೆಳತಿಯೊಬ್ಬಳು ಮುಂದೆ ತನ್ನ ಪುಸ್ತಕ ತೋರಿಸಿದಾಗ ಬೆರಗಾಯಿತು. ಹೀಗೆ ಕೈಯಿಂದ ಹೊಟ್ಟೆ ನೋಡುವ ನಾಲ್ಕು ಹಂತಗಳು ಅಲ್ಲಿ ಲಿಯೋಪೋಲ್ಡ್ ಎಂಬ ಜರ್ಮನ್ ವೈದ್ಯನ ಹೆಸರಿನಲ್ಲಿವೆ. ಲಿಯೋಪೋಲ್ಡ್ ಅದನ್ನು ಕ್ರಮವಾಗಿ ಬರೆದಿಟ್ಟ, ಬೇರೆಯವರು ಕಲಿಯುವಂತೆ ಮಾಡಿದ. ಅದು ದೊಡ್ಡ ಕೆಲಸವೇ. ಆದರೆ ಬರೆದಿಡಲು ಬೇಕಾದ ಅಕ್ಷರವನ್ನು ನಮ್ಮಜ್ಜಿಯಿಂದ ಕಸಿದವರು ಯಾರು? ಹೆತ್ತ ಮನೆಯ ಸೂತಕಕ್ಕೆ ಹೆದರಿ, ಹೊಕ್ಕುಳಬಳ್ಳಿ ಕುಯ್ಯೋಕೆ, ಕಸ ಹೂಳೋಕೆ ನಮ್ಮ ಹಟ್ಟಿಯಿಂದ ಅವಳನ್ನು ಕರೆಸಿಕೊಳ್ಳುತ್ತಿದ್ದರು. ಮೂರನೆಯ ದಿನಕ್ಕೆ ಅವಳು ಅದೇ ಮನೆಯ ಹೊಸ್ತಿಲಾಚೆ. ಅವಳ ಕೈಗೆ ಕೆಲಸ ಸಿಕ್ಕಿದ್ದು ಜಾಣತನಕ್ಕಲ್ಲ, ಮೈಲಿಗೆಗೆ. ಜಾಣತನ ಅವಳು ತಾನಾಗಿ ಗಳಿಸಿಕೊಂಡದ್ದು.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಎಂದು ನಾಡು ಅವರನ್ನು ಕೊಂಡಾಡಿತು. ಆ ಗೌರವ ನಮಗೆಲ್ಲ ಹೆಮ್ಮೆಯದು. ಆದರೆ ಹೊಗಳಿಕೆಯ ಭಾಷೆಯನ್ನು ಸ್ವಲ್ಪ ಗಮನಿಸಿ: ‘ಸೇವೆ’, ‘ಮಹಾತಾಯಿ’, ‘ನಿಸ್ವಾರ್ಥ’. ಗಂಡು ಮಾಡಿದರೆ ಪಾಂಡಿತ್ಯ, ಹೆಣ್ಣು ಮಾಡಿದರೆ ತಾಯ್ತನ. ಮೇಲಿನವರದು ಸಾಧನೆ, ಕೆಳಗಿನವರದು ಸೇವೆ. ಅಷ್ಟೊಂದು ಹೆರಿಗೆಗಳಲ್ಲಿ ನೀವು ಏನು ಕಂಡಿರಿ, ಯಾವುದು ಕಷ್ಟದ ಹೆರಿಗೆ ಅಂತ ಹ್ಯಾಗೆ ಮೊದಲೇ ತಿಳಿಯುತ್ತಿತ್ತು ಎಂದು ನೋಟ್‌ಬುಕ್ ಹಿಡಿದು ಕೇಳುವುದು ಡಾಕ್ಟರೇಟ್ ಕೊಡುವುದಕ್ಕಿಂತ ದೊಡ್ಡ ಮರ್ಯಾದೆ.

ನಮ್ಮ ಸಾಹಿತ್ಯದಲ್ಲಿ ಈ ಮರ್ಯಾದೆಯ ಒಂದು ಒಳ್ಳೆಯ ನಿದರ್ಶನ ಇದೆ. ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಸಹ ವಿಜ್ಞಾನಿಯನ್ನು ಕಾಣುತ್ತಾರೆ. ಡಿಗ್ರಿಯಿಲ್ಲದವನ ಕಣ್ಣನ್ನು ನಂಬಿ ಕಾಡಿಗೆ ಹೊರಡುತ್ತಾರೆ. ಜ್ಞಾನದ ಯಜಮಾನಿಕೆಯನ್ನು ಇಷ್ಟು ಹಗುರವಾಗಿ ಮುರಿದ ಕೃತಿ ಕನ್ನಡದಲ್ಲಿ ಕಡಿಮೆ. ಆದರೂ ಹಾರುವ ಓತಿಯನ್ನು ಹುಡುಕಿ ಹೊರಟ ಆ ತಂಡದಲ್ಲಿ ಒಬ್ಬಳೂ ಹೆಂಗಸಿಲ್ಲ. ಸೌದೆಗೆ, ಸೊಪ್ಪಿಗೆ, ಅಣಬೆಗೆ ದಿನಾ ಕಾಡು ಹೊಕ್ಕು ಬರುವವರು ಹೆಂಗಸರೇ. ಇದನ್ನು ತೇಜಸ್ವಿಯವರ ಮೇಲಿನ ಆರೋಪವಾಗಿ ನಾನು ಹೇಳುತ್ತಿಲ್ಲ. ಯಜಮಾನಿಕೆಯನ್ನು ಒಂದು ಕಡೆ ಮುರಿದ ಕಣ್ಣಿಗೂ ಇನ್ನೊಂದು ಕಡೆಯದು ಕಾಣದೆ ಹೋಗಬಹುದು ಎಂಬುದಕ್ಕೆ ಹೇಳುತ್ತಿದ್ದೇನೆ.

೨

ಸ್ತ್ರೀವಾದಿ ಚಿಂತಕಿಯರು ವಿಜ್ಞಾನದ ಬಗ್ಗೆ ಎತ್ತಿದ ಪ್ರಶ್ನೆಗಳಿಂದ ನಾವು ಕಲಿಯಬೇಕಾದ್ದು ಬಹಳ ಇದೆ. ಎವೆಲಿನ್ ಫಾಕ್ಸ್ ಕೆಲ್ಲರ್ 1983ರಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಕುರಿತು ಪುಸ್ತಕ ಬರೆದರು. ಮುಸುಕಿನ ಜೋಳದ ಗಿಡಗಳನ್ನು ಒಂದೊಂದಾಗಿ ಬಲ್ಲವಳಂತೆ ನೋಡುತ್ತಿದ್ದ ಆ ವಿಜ್ಞಾನಿಗೆ ಅದೇ ವರ್ಷ ನೊಬೆಲ್ ಬಂತು. ದೂರ ನಿಂತು ನೋಡಿದರೆ ಮಾತ್ರ ಸತ್ಯ ಕಾಣುತ್ತದೆ ಎಂಬ ನಂಬಿಕೆಯನ್ನು ಕೆಲ್ಲರ್ ಅಲುಗಾಡಿಸಿದರು. ಸಾಂಡ್ರಾ ಹಾರ್ಡಿಂಗ್ ಇನ್ನೂ ಮುಂದೆ ಹೋದರು. ಅಂಚಿನಲ್ಲಿ ಬದುಕುವವರ ಬದುಕಿನಿಂದ ಪ್ರಶ್ನೆಗಳನ್ನು ಶುರುಮಾಡಿದರೆ ವಸ್ತುನಿಷ್ಠತೆ ಕೆಡುವುದಿಲ್ಲ, ಗಟ್ಟಿಯಾಗುತ್ತದೆ ಎಂಬುದು ಅವರ ವಾದ. ಮೇಲೆ ಕೂತವನಿಗೆ ತಾನು ಕೂತ ಜಾಗ ಕಾಣುವುದಿಲ್ಲ; ಕೆಳಗಿರುವವಳಿಗೆ ಅವನೂ ಕಾಣುತ್ತಾನೆ, ತನ್ನ ಜಾಗವೂ ಕಾಣುತ್ತದೆ. ಹಟ್ಟಿಯಲ್ಲಿ ಹುಟ್ಟಿದ ಯಾರಿಗಾದರೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಮಿಲಿ ಮಾರ್ಟಿನ್ ಪಠ್ಯಪುಸ್ತಕಗಳನ್ನೇ ಕೈಗೆತ್ತಿಕೊಂಡರು. 1991ರ ಅವರ ಲೇಖನ ತೋರಿಸಿದ್ದು ಇಷ್ಟು: ವೀರ್ಯಾಣು ಓಡುತ್ತದೆ, ಹೋರಾಡುತ್ತದೆ, ಗೆಲ್ಲುತ್ತದೆ, ಅಂಡಾಣು ಸುಮ್ಮನೆ ಕಾಯುತ್ತದೆ ಎಂಬ ಸಿನಿಮಾ ಕತೆಯನ್ನು ಪಠ್ಯಗಳು ವಿಜ್ಞಾನವೆಂದು ಹೇಳುತ್ತಿದ್ದವು. ಪ್ರಯೋಗಾಲಯದಲ್ಲಿ ಕಂಡದ್ದು ಬೇರೆ. ವೀರ್ಯಾಣುವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಅಂಡಾಣುವಿನ ಕೆಲಸವೂ ಇತ್ತು. ಮುಟ್ಟನ್ನೂ ಹಾಗೆಯೇ ಸೋಲಿನ, ನಷ್ಟದ ಭಾಷೆಯಲ್ಲಿ ವಿವರಿಸುತ್ತಿದ್ದರು ಎಂದು ಅದಕ್ಕೂ ಮೊದಲೇ ಅವರು ಬರೆದಿದ್ದರು.

ಇಲ್ಲಿ ನಮ್ಮ ಭಾಷೆಯ ಕಡೆ ಒಮ್ಮೆ ನೋಡಬೇಕು. ಕನ್ನಡದಲ್ಲಿ ಮುಟ್ಟು ಅಂದರೆ ಹೆಂಗಸರ ತಿಂಗಳ ಸ್ರಾವ. ಮುಟ್ಟು ಅಂದರೆ ಸ್ಪರ್ಶ. ಮುಟ್ಟು ಅಂದರೆ ಸಲಕರಣೆ ಕೂಡ: ಬೇಸಾಯದ ಮುಟ್ಟು, ಕಸುಬಿನ ಮುಟ್ಟು. ಹೆಣ್ಣಿನ ಮೈ, ಅಸ್ಪೃಶ್ಯತೆ, ದುಡಿಮೆ ಮೂರೂ ಒಂದೇ ಪದದಲ್ಲಿ ಕೂತಿವೆ. ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದ ಪಂಚಸೂತಕಗಳಲ್ಲೂ ಜಾತಿಸೂತಕ, ಜನನಸೂತಕ, ರಜಸ್ಸೂತಕಗಳು ಅಕ್ಕಪಕ್ಕದಲ್ಲೇ ಇವೆ. ಮುಟ್ಟಾದ ಹೆಣ್ಣನ್ನು ಹೊರಗಿಡುವುದೂ ಹಟ್ಟಿಯನ್ನು ಊರ ಹೊರಗಿಡುವುದೂ ಒಂದೇ ತರ್ಕದ ಎರಡು ಕೊಂಬೆ. ಪುಟ ಮಗುಚಿದ ಮೇಷ್ಟ್ರು ನಾಚಿಕೆಯಿಂದ ಹಾಗೆ ಮಾಡಿದರು ಎಂದುಕೊಂಡಿದ್ದೆ. ಅದು ನಾಚಿಕೆಯಷ್ಟೇ ಅಲ್ಲ, ಮಡಿ. ವಿಜ್ಞಾನದ ತರಗತಿಯೊಳಗೇ ಮಡಿ ಹಾಗೆ ಉಳಿದುಕೊಂಡಿತ್ತು.

ಆದರೆ ‘ಹೆಣ್ಣು’ ಎಂಬ ಒಂದೇ ಪದದಿಂದ ನಮ್ಮ ಕೆಲಸ ಮುಗಿಯುವುದಿಲ್ಲ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ, ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣು ಎಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಬಿಡಲಿಲ್ಲ, ಕಾರಣ ಕೇಳಿ ಹಟ ಹಿಡಿದರು. ಒಂದು ವರ್ಷ ಪರೀಕ್ಷಾರ್ಥ, ಗಂಡಸರ ಗಮನ ಕೆಡಿಸಕೂಡದು ಎಂಬಂಥ ಷರತ್ತುಗಳ ಮೇಲೆ ಸೇರಿಸಿಕೊಂಡರು. ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ರಾಮನ್ ಅವರ ಪ್ರಯೋಗಾಲಯದಲ್ಲೇ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ನಡೆಸಿ ಪ್ರಬಂಧ ಒಪ್ಪಿಸಿದ ಅನ್ನಾ ಮಣಿಗೆ, ಎಂ.ಎಸ್ಸಿ. ಆಗಿಲ್ಲ ಎಂಬ ಕಾರಣ ಹೇಳಿ ಮದ್ರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಅಭಾ ಸುರ್ 2011ರಲ್ಲಿ ತಂದ ‘ಡಿಸ್ಪರ್ಸ್ಡ್ ರೇಡಿಯನ್ಸ್’ ಪುಸ್ತಕ ಈ ಹೆಂಗಸರ ಕತೆಯನ್ನೂ, ವಿದ್ಯಾರ್ಥಿನಿಲಯದಲ್ಲಿ ಪಂಕ್ತಿಭೇದ ಅನುಭವಿಸಿದ ಮೇಘನಾದ ಸಹಾರ ಕತೆಯನ್ನೂ ಒಟ್ಟಿಗೆ ಇಟ್ಟು ನೋಡುತ್ತದೆ. ಜಾತಿ ಬೇರೆ, ಲಿಂಗ ಬೇರೆ ಎಂದು ಎರಡು ಕಪಾಟಿನಲ್ಲಿಡುವ ನಮ್ಮ ಅಭ್ಯಾಸಕ್ಕೆ ಅದು ಒಳ್ಳೆಯ ಮದ್ದು.

ಕಮಲಾ ಅವರ ಹೋರಾಟಕ್ಕೆ ಕೈಮುಗಿಯುತ್ತಲೇ ಒಂದು ಮಾತು ಹೇಳಬೇಕು. ಅವರ ತಂದೆ, ದೊಡ್ಡಪ್ಪ-ಚಿಕ್ಕಪ್ಪಂದಿರ ಪೀಳಿಗೆ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದಿತ್ತು. ಬಾಗಿಲಲ್ಲಿ ನಿಂತು ಜಗಳವಾಡಲಿಕ್ಕೂ ಬಾಗಿಲ ತನಕ ಒಂದು ದಾರಿ ಇರಬೇಕು. 1855ರಲ್ಲೇ ಫುಲೆ ದಂಪತಿಯ ಶಾಲೆಯಲ್ಲಿ ಓದಿದ ಮುಕ್ತಾಬಾಯಿ ಎಂಬ ಮಾಂಗ್ ಹುಡುಗಿ, ತನ್ನ ಜನದ ಹೆಂಗಸರು ಆಸರೆಯಿಲ್ಲದೆ ಹೆರುವ ಸಂಕಟವನ್ನೂ ಸೇರಿಸಿ ಪ್ರಬಂಧ ಬರೆದಿದ್ದಳು. ಆ ಹುಡುಗಿ ಎಂಬತ್ತು ವರ್ಷ ಆದಮೇಲೂ ಟಾಟಾ ಇನ್‌ಸ್ಟಿಟ್ಯೂಟಿನ ಗೇಟಿನ ತನಕ ಬಂದು ನಿರಾಕರಿಸಿಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ.

ಗೇಟು ದಾಟಿದವರ ಗತಿ? 2019ರ ಮೇ 22ರಂದು ಮುಂಬೈಯಲ್ಲಿ ಡಾ. ಪಾಯಲ್ ತಡವಿ ಜೀವ ಕಳೆದುಕೊಂಡಳು. ಆದಿವಾಸಿ ಹೆಣ್ಣುಮಗಳು. ಓದುತ್ತಿದ್ದದ್ದು ಸ್ತ್ರೀರೋಗ ಮತ್ತು ಹೆರಿಗೆ ಶಾಸ್ತ್ರ. ಜಾತಿಯ ಹೆಸರಿನಲ್ಲಿ ಕಿರುಕುಳ ಕೊಟ್ಟ ಆರೋಪ ಬಂದದ್ದು ಮೂವರು ಹಿರಿಯ ವೈದ್ಯೆಯರ ಮೇಲೆ. ಹೆಣ್ಣಿನ ಮೈ ಓದುವ ವಿಭಾಗ, ಸುತ್ತ ಹೆಂಗಸರೇ. ಆದರೂ ಅವಳಿಗೆ ಅಲ್ಲಿ ಉಸಿರು ಸಿಗಲಿಲ್ಲ. ‘ಪ್ರಯೋಗಾಲಯದಲ್ಲಿ ಹೆಂಗಸರ ಸಂಖ್ಯೆ ಹೆಚ್ಚಲಿ’ ಎಂಬ ಬೇಡಿಕೆ ಇಲ್ಲಿಗೆ ಬಂದು ನಿಂತುಬಿಡುತ್ತದೆ.

೩

ಇನ್ನು ನಮ್ಮ ಕಡೆಯ ತಪ್ಪು. ದಲಿತ ಚಳವಳಿ ವಿಜ್ಞಾನವನ್ನು ಯಾವತ್ತೂ ಗೆಳೆಯನೆಂದೇ ಕಂಡಿದೆ. ಅಂಬೇಡ್ಕರ್, ಪೆರಿಯಾರ್ ಕಲಿಸಿದ್ದು ವೈಚಾರಿಕತೆ. ಕರ್ನಾಟಕದಲ್ಲಿ ಬೂಸಾ ಗಲಾಟೆಯ ಕಾವಿನಲ್ಲಿ ಬೆಳೆದ ನಮ್ಮ ಅಣ್ಣಂದಿರು ಪವಾಡ ಬಯಲು ಮಾಡಿದರು, ಬೆತ್ತಲೆ ಸೇವೆ ನಿಲ್ಲಿಸಲು ಹೋರಾಡಿದರು. ಸತ್ತ ದನ ಹೊರುವುದನ್ನು, ಅದರ ಬಾಡು ತಿನ್ನುವುದನ್ನು ಬಿಡಿ ಎಂದು ಹಟ್ಟಿ ಹಟ್ಟಿ ತಿರುಗಿ ಹೇಳಿದರು. ಇದೆಲ್ಲ ಸರಿ. ಆದರೆ ನಮಗೆ ವಿಜ್ಞಾನ ಅಂದರೆ ಮೂಢನಂಬಿಕೆಯ ವಿರುದ್ಧದ ಭಾಷಣ ಆಯಿತೇ ಹೊರತು, ಪ್ರಯೋಗಾಲಯದೊಳಗೆ ಯಾರು ಪ್ರಶ್ನೆ ಕೇಳುತ್ತಾರೆ, ಯಾರ ಮೈ ಮೇಲೆ ಕೇಳುತ್ತಾರೆ ಎಂದು ವಿಚಾರಿಸಲಿಲ್ಲ. ಸೂಲಗಿತ್ತಿಯ ತಿಳಿವನ್ನು ಅಜ್ಜಿಕತೆ ಎಂದು ನಾವೂ ನಕ್ಕೆವು. ದಲಿತ ಹೆಂಗಸರು ಬೇರೆಯಾಗಿ ಮಾತಾಡುತ್ತಾರೆ ಎಂದು ಗೋಪಾಲ್ ಗುರು 1995ರಲ್ಲಿ ಬರೆದರು. ಆ ಬೇರೆತನ ಹೆಂಗಸರೊಳಗಿನ ಒಂದು ಬಗೆಯಷ್ಟೇ ಅಲ್ಲ, ಲೋಕವನ್ನು ಅರಿಯುವ ಒಂದು ನೆಲೆ ಎಂದು ಶರ್ಮಿಳಾ ರೇಗೆ 1998ರಲ್ಲಿ ಬೆಳೆಸಿದರು. ಸಿದ್ಧಾಂತ ಕಟ್ಟುವವರು ಬ್ರಾಹ್ಮಣರು, ಮಾಹಿತಿ ಹೊರುವವರು ಶೂದ್ರರು ಎಂದು ಗುರು 2002ರಲ್ಲಿ ಸಮಾಜಶಾಸ್ತ್ರಗಳ ಬಗ್ಗೆ ಹೇಳಿದ್ದು, ನನ್ನ ಕಪ್ಪೆಯ ತಟ್ಟೆಗೂ ಚಿತ್ರದ ಹಾಳೆಗೂ ಸಲ್ಲುತ್ತದೆ.

ಇನ್ನು ಮೈಯ ವಿಚಾರ. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳು, ಅವರಲ್ಲಿ ಬಹಳ ಮಂದಿ ಆದಿವಾಸಿಗಳು, ಆಶ್ರಮಶಾಲೆಯ ಹಾಸ್ಟೆಲಿನವರು. ಏಳು ಮಕ್ಕಳು ಸತ್ತ ಸುದ್ದಿ ಬಂದು 2010ರಲ್ಲಿ ಅಧ್ಯಯನ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಲಸಿಕೆ ಒಳ್ಳೆಯದೇ, ಆ ಕ್ಯಾನ್ಸರಿಗೆ ಹೆಚ್ಚು ಬಲಿಯಾಗುವ ಬಡ ಹೆಂಗಸರಿಗೆ ಅದು ಬೇಕೂ ಬೇಕು. ಆದರೆ 2013ರಲ್ಲಿ ಸಂಸದೀಯ ಸಮಿತಿ ಬಯಲು ಮಾಡಿದ ಸಂಗತಿ ಬೇರೆ. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್ನರು. ಹಾಸ್ಟೆಲಿನಲ್ಲಿ ಬೆಳೆದ ನನಗೆ ಆ ಸಹಿ ಹ್ಯಾಗೆ ಬೀಳುತ್ತೆ ಅಂತ ಗೊತ್ತು. ಊಟದ ರಿಜಿಸ್ಟರು, ಸೋಪಿನ ರಿಜಿಸ್ಟರು, ಅದರ ಜೊತೆಗೆ ಇದೊಂದು ಹಾಳೆ. ಮಕ್ಕಳ ಅವ್ವಂದಿರನ್ನು ಕೇಳಬೇಕು ಅನ್ನೋದೇ ಯಾರಿಗೂ ಹೊಳೆಯುವುದಿಲ್ಲ. ಅಮೆರಿಕದಲ್ಲಿ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಂಗಸಿನ ಜೀವಕೋಶಗಳನ್ನು ಅವಳನ್ನು ಕೇಳದೆ ತೆಗೆದರು. ಲೋಕದ ಪ್ರಯೋಗಾಲಯಗಳಲ್ಲಿ ಅವು ಇನ್ನೂ ಬೆಳೆಯುತ್ತಿವೆ. ಅವಳ ಮಕ್ಕಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ತಿಳಿದಿರಲಿಲ್ಲ. ಯಾವ ದೇಶದಲ್ಲಾದರೂ, ಕೇಳದೆಯೇ ಮುಟ್ಟಬಹುದಾದ ಮೈ ಯಾರದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ನೀರು ಮುಟ್ಟಿದರೆ ಮೈಲಿಗೆ ಆಗುವವರ ಮೈಯನ್ನು ಸೂಜಿ ಮುಟ್ಟುವುದಕ್ಕೆ ಯಾವ ಮೈಲಿಗೆಯೂ ಅಡ್ಡ ಬರುವುದಿಲ್ಲ.

೪

ಇಷ್ಟು ಹೇಳಿದಾಗ ಎರಡು ಕಡೆಯಿಂದ ಅಪಾಯ ಇದೆ. ‘ನೋಡಿ, ಪಶ್ಚಿಮದ ವಿಜ್ಞಾನವೇ ಹೀಗೆ, ನಮ್ಮ ಪ್ರಾಚೀನ ಜ್ಞಾನಕ್ಕೆ ಮರಳೋಣ’ ಎಂದು ಮಠದ ಕಡೆಯವರು ಬರುತ್ತಾರೆ. ನಮ್ಮ ಅಜ್ಜಿಯನ್ನು ಹೊಸ್ತಿಲಾಚೆ ನಿಲ್ಲಿಸಿದ್ದೇ ಆ ಪ್ರಾಚೀನ ಜ್ಞಾನ. ಇನ್ನೊಂದು ಕಡೆ, ಸೂಲಗಿತ್ತಿಯನ್ನು ದೇವತೆ ಮಾಡಿ ಆಸ್ಪತ್ರೆ ಬೇಡ ಎನ್ನುವ ನಗರದ ಗೆಳತಿಯರಿದ್ದಾರೆ. ಅವರಿಗೆ ನಮ್ಮ ಚಿಕ್ಕವ್ವನ ಕತೆ ಹೇಳುತ್ತೇನೆ. ಅವಳು ಹೆರಿಗೆಯಲ್ಲಿ ಹೋದಳು, ನಮ್ಮಜ್ಜಿಯ ಕೈಯಲ್ಲೇ. ಮಗು ಬಂತು, ನೆತ್ತರು ನಿಲ್ಲಲಿಲ್ಲ. ಏಳು ಹಳ್ಳಿಯ ಹೆಂಗಸರನ್ನು ಉಳಿಸಿದ ಕೈಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಉಳಿಸಲಾಗಲಿಲ್ಲ. ಬೇಕಾಗಿದ್ದದ್ದು ಒಂದು ಇಂಜೆಕ್ಷನ್, ಒಂದೆರಡು ಬಾಟಲಿ ರಕ್ತ, ತಾಲ್ಲೂಕು ಆಸ್ಪತ್ರೆ ತನಕ ಒಂದು ಗಾಡಿ. ‘ನಂಗೆ ಬರೋದು ಬಂತು ಮಗಾ, ಬರದೇ ಇದ್ದದ್ದು ಬರಲಿಲ್ಲ’ ಅಂತ ಅಜ್ಜಿ ಸಾಯುವ ತನಕ ಅನ್ನುತ್ತಿದ್ದಳು. ತನ್ನ ತಿಳಿವಿನ ಎಲ್ಲೆಯನ್ನು ಹೀಗೆ ನೇರವಾಗಿ ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ವೈಜ್ಞಾನಿಕ ಮನೋಭಾವ ಯಾವುದಿದೆ?

ಆದ್ದರಿಂದ ವಿಜ್ಞಾನ ನಮಗೆ ಬೇಕು, ಪೂರ್ತಿ ಬೇಕು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು ಆಸ್ಪತ್ರೆ ಹೆರಿಗೆಗಳು ಹೆಚ್ಚಾದದ್ದು ಒಳ್ಳೆಯದು. ಆದರೆ ಆಸ್ಪತ್ರೆಗೆ ಬಂದ ಹಟ್ಟಿಯ ಬಸುರಿಯನ್ನು ಮುಟ್ಟದೆ ದೂರದಿಂದ ಗದರುವ ನರ್ಸು, ಡಾಕ್ಟರು ಇರುವ ತನಕ ಅದು ಅರ್ಧ ವಿಜ್ಞಾನ.

ಲೆಕ್ಕವನ್ನೂ ನೋಡೋಣ. ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ದೇಶದ ವಿಜ್ಞಾನ ಕೋರ್ಸುಗಳಲ್ಲಿ 29.5 ಲಕ್ಷ ಹುಡುಗಿಯರು, 27.7 ಲಕ್ಷ ಹುಡುಗರು. ಹುಡುಗಿಯರೇ ಹೆಚ್ಚು! ಆದರೆ ಸಂಶೋಧನೆಯಲ್ಲಿ ತೊಡಗಿದವರಲ್ಲಿ ಹೆಂಗಸರ ಪಾಲು 2018ರಲ್ಲಿ 16.6 ಶೇಕಡ ಮಾತ್ರ. ಬೀಜ ಬಿತ್ತಿದಷ್ಟು ಪೈರು ಬರದಿದ್ದರೆ ರೈತ ನೆಲ ನೋಡುತ್ತಾನೆ. ನಮ್ಮ ಸಂಸ್ಥೆಗಳು ಬೀಜವನ್ನೇ ಬಯ್ಯುತ್ತವೆ. ಇದಕ್ಕೆ ‘ಮೆರಿಟ್’ ಎಂಬ ಹೆಸರೂ ಇದೆ. ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಬೋಧಕ ಹುದ್ದೆಗಳಲ್ಲಿ ಮೀಸಲಾತಿ ಖಾತ್ರಿಪಡಿಸಲು 2019ರಲ್ಲಿ ಬಂದ ಕಾಯ್ದೆಯೇ, ಉತ್ಕೃಷ್ಟ ಸಂಸ್ಥೆಗಳೆಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರ ಮೊದಲಾದವನ್ನು ಪಟ್ಟಿ ಮಾಡಿ ಹೊರಗಿಟ್ಟಿತು. ಉತ್ಕೃಷ್ಟತೆ ಇರುವಲ್ಲಿ ನಾವು ಇರಬಾರದು ಎಂಬುದು ಗೆಜೆಟ್ಟಿನಲ್ಲೇ ಅಚ್ಚಾಯಿತು.

ಮಾಡಬೇಕಾದ ಕೆಲಸ ಈ ಲೆಕ್ಕದಿಂದಲೇ ಶುರುವಾಗುತ್ತದೆ. ಆ ಪಟ್ಟಿ ತೆಗೆಸಬೇಕು. ಹಾಸ್ಟೆಲ್ ಮಕ್ಕಳ ಮೈ ಮೇಲಿನ ಯಾವ ಅಧ್ಯಯನಕ್ಕೂ ಅವ್ವ-ಅಪ್ಪನಿಗೆ ಅವರ ಮಾತಿನಲ್ಲೇ ತಿಳಿಹೇಳದೆ ಸಹಿ ಬೀಳಬಾರದು. ಪ್ರಾಕ್ಟಿಕಲ್‌ನಲ್ಲಿ ಮಾಡಿದ ಕೈಗೂ ಬರೆದ ಕೈಗೂ ಅಂಕ ಬೇಕು, ಸರದಿಯ ಮೇಲೆ ಎಲ್ಲರೂ ಮುಟ್ಟಬೇಕು, ಎಲ್ಲರೂ ಬರೆಯಬೇಕು. ಮುಟ್ಟಿನ ಪಾಠವನ್ನು ಹುಡುಗ ಹುಡುಗಿ ಇಬ್ಬರನ್ನೂ ಕೂರಿಸಿಕೊಂಡು ಮಾಡಬೇಕು, ಮೈಲಿಗೆ ಹೇಗೆ ಬಂತು ಎಂಬ ಚರಿತ್ರೆಯ ಸಮೇತ. ಇವೆಲ್ಲಕ್ಕಿಂತ ಮುಖ್ಯ, ಸಂಶೋಧನೆಯ ಪ್ರಶ್ನೆ ಆರಿಸುವ ಜಾಗದಲ್ಲಿ ನಮ್ಮ ಹೆಣ್ಣುಮಕ್ಕಳು ಕೂರಬೇಕು. ಹಟ್ಟಿಯಿಂದ ಬಂದ ವಿಜ್ಞಾನಿಯೊಬ್ಬಳು ಹೆರಿಗೆಯ ನೆತ್ತರಿನ ಮೇಲೆ ಕೆಲಸ ಮಾಡಿದರೆ ಅವಳು ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ. ಕರೆಂಟಿಲ್ಲದ, ಗಾಡಿ ಬಾರದ ಊರಿನಿಂದ ಅವಳು ಶುರುಮಾಡುತ್ತಾಳೆ. ಅದರಿಂದ ಲಾಭ ಹಟ್ಟಿಗಷ್ಟೇ ಅಲ್ಲ, ವಿಜ್ಞಾನಕ್ಕೂ.

ಕಾರ್ಲ್ ಸಗಾನ್ ಥರ ವಿಜ್ಞಾನ ಬರೆಯಬೇಕು ಎಂದು ಕನಸು ಕಂಡಿದ್ದ ರೋಹಿತ್ ವೇಮುಲ 2016ರ ಜನವರಿ 17ರಂದು ನಮ್ಮನ್ನು ಬಿಟ್ಟುಹೋದ. ಅವನು ಬರೆಯಬಹುದಾಗಿದ್ದ ಪುಸ್ತಕಗಳನ್ನು ಯಾವ ಸಮೀಕ್ಷೆಯೂ ಲೆಕ್ಕ ಹಾಕುವುದಿಲ್ಲ.

ನನ್ನ ರೆಕಾರ್ಡ್ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಮೊನ್ನೆ ನನ್ನ ಅಣ್ಣನ ಮಗಳು, ಈಗ ಬಿ.ಎಸ್ಸಿ. ಓದುತ್ತಿರುವವಳು, ಅದನ್ನು ಮಗುಚುತ್ತಾ ಕೇಳಿದಳು: ‘ಅತ್ತೆ, ಇದ್ಯಾಕೆ ಅರ್ಧಕ್ಕೇ ಬಿಟ್ಟಿದೀಯ?’ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ಸಿಲ್ ತಗೊಂಡು ಕೂತಳು. ಪಕ್ಕದಲ್ಲಿ ಕೂತು ನಾನು ಒಂದೊಂದೇ ಭಾಗ ಹೇಳುತ್ತಾ ಹೋದೆ.